ಸದ್ದಾಗುತ್ತದೆಂದು ಫ್ಯಾನ್ ಇಳಿಸಬೇಡಿ, ವೋಲ್ಟೇಜು ಇಳಿಸಿ

ನನ್ನ ಮನೆ ಬದಿಯಡ್ಕದ ಹತ್ತಿರ. ಯಕ್ಷಗಾನದ ಆಟಗಳನ್ನು ಚಿತ್ರೀಕರಿಸಿ ಎಡಿಟ್ ಮಾಡಿಕೊಡುತ್ತೇನೆ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ) ಮೊದಲಿನ ಎರಡು ತಿಂಗಳು ಕೆಲಸ ರಾಶಿ ಬೀಳುತ್ತದೆ. ಕಳೆದ ಏಪ್ರಿಲಿನಲ್ಲಿ, ಸರಿಯಾಗಿ ಅದೇ ಹೊತ್ತಿಗೆ, ನನ್ನ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಯಿತು. ಹಂಚಿನ ಮಾಡಿನ ಕೆಳಗೆ ಕೂತು ಇದೇ ಕೆಲಸ ಮಾಡುವವರು ನಮ್ಮ ಕಡೆ ಹಲವರಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಎಎಂಡಿ ಕಂಪನಿಯ ರೈಜನ್ 5 3600 ಪ್ರೊಸೆಸರ್ ಚಿಪ್, ಅದರ ಪೆಟ್ಟಿಗೆಯಲ್ಲೇ ಬಂದ ಕೂಲರ್. ರೆಂಡರ್ ಮಾಡುವಾಗ, ಅಂದರೆ ಎಡಿಟ್ ಆದದ್ದನ್ನು ಕೊನೆಯ ವಿಡಿಯೋ ಫೈಲಾಗಿ ತೆಗೆಯುವಾಗ, ಸುಮಾರು 4.0 ಗಿಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಜನವರಿಯ ಒಂದು ರಾತ್ರಿ ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗುಗಳಿರುವಲ್ಲಿ) ಅದನ್ನು 4.3ಕ್ಕೆ ಏರಿಸಿದೆ, ಓವರ್‌ಕ್ಲಾಕ್ ಎನ್ನುವುದು ಇದಕ್ಕೇ. ಅಷ್ಟು ಓಡಬೇಕಾದರೆ ವೋಲ್ಟೇಜು 1.25ರಿಂದ 1.4ಕ್ಕೆ ಹೋಗಬೇಕಾಯಿತು. ಹೆಚ್ಚಿದ ವೇಗ ಶೇ. 7ರಷ್ಟು. ಆದರೆ ಚಿಪ್ ಎಳೆಯುವ ವಿದ್ಯುತ್ತು ವೇಗದ ಜೊತೆಗೆ ವೋಲ್ಟೇಜಿನ ವರ್ಗದ ಲೆಕ್ಕದಲ್ಲೂ ಏರುತ್ತದೆ, ಹಾಗಾಗಿ ಅದು ಶೇ. 35ರಷ್ಟು ಹೆಚ್ಚಾಯಿತು. ಅದಷ್ಟೂ ಶಾಖವಾಗಿಯೇ ಹೊರಬರಬೇಕು. ಈ ಲೆಕ್ಕ ಹಾಕಿದ್ದು ಬೋರ್ಡು ಹೋದ ಮೇಲೆ.

ಆ ರಾತ್ರಿ ಕೋಣೆ 24 ಡಿಗ್ರಿ ಇತ್ತು, ಚಿಪ್ 84ರಲ್ಲಿ ನಿಂತಿತು. ತೊಂದರೆಯಿಲ್ಲ ಎಂದುಕೊಂಡೆ. ಕೋಣೆ 10 ಡಿಗ್ರಿ ಕಾದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಕಾಯುತ್ತದೆ ಎಂಬುದು ತಲೆಗೆ ಹೊಳೆಯಲಿಲ್ಲ. ಏಪ್ರಿಲಿನ ಸೆಕೆಯಲ್ಲಿ, ಮಧ್ಯಾಹ್ನ, ಹಂಚಿನಡಿಯಲ್ಲಿ 34. ಈ ಚಿಪ್ಪಿಗೆ ಎಎಂಡಿ ಹೇಳಿದ ಮಿತಿಯೇ 95.

ಫ್ಯಾನ್ ಕಿರುಚತೊಡಗಿತು. "ಎಂತದು ಮಗಾ ಅದು, ಇಡೀ ರಾತ್ರಿ ಗ್ರೈಂಡರ್ ತಿರುಗಿದ ಹಾಗೆ?" ಎಂದು ಅಜ್ಜಿ ಕೇಳಿದರು. ಪಾಪ, ಅವರು ಮಲಗುವುದು ಪಕ್ಕದ ಕೋಣೆಯಲ್ಲಿ. ಭಾಗವತರ ಪದ್ಯ ಮುಗಿಯುವಲ್ಲಿ ಧ್ವನಿ ಎಷ್ಟು ಇಳಿಸಬೇಕೆಂದು ನನಗೂ ಕೇಳುತ್ತಿರಲಿಲ್ಲ. ಆಗ ವೋಲ್ಟೇಜನ್ನು ಇದ್ದ ಹಾಗೇ ಬಿಟ್ಟು ಫ್ಯಾನಿನ ವೇಗ ಇಳಿಸಿದೆ. ರಾತ್ರಿ ಸ್ವಲ್ಪ ತಂಪು, ಚಿಪ್ 92 ದಾಟುವುದಿಲ್ಲ ಎಂದು ನೋಡಿ ಮಲಗುತ್ತಿದ್ದೆ.

ನಾನು ನೋಡುತ್ತಿದ್ದದ್ದು ಚಿಪ್ಪಿನ ಬಿಸಿ ಮಾತ್ರ. ಚಿಪ್ಪಿಗೆ ಬೇಕಾದ ವೋಲ್ಟೇಜು ಮಾಡಿಕೊಡುವ ವಿಆರ್‌ಎಂ ಪಕ್ಕದಲ್ಲೇ ಇರುತ್ತದೆ. ಕಡಿಮೆ ಬೆಲೆಯ ನನ್ನ ಬೋರ್ಡಿನಲ್ಲಿ ಅದಕ್ಕೆ ಹೀಟ್‌ಸಿಂಕ್ (ಶಾಖ ಹೀರಿ ಹೊರಬಿಡುವ ಲೋಹದ ತುಂಡು) ಇರಲಿಲ್ಲ. ಆ ಕೂಲರ್ ಗಾಳಿಯನ್ನು ಕೆಳಕ್ಕೆ, ಬೋರ್ಡಿನ ಮೇಲೆ ಊದುತ್ತದೆ. ವಿಆರ್‌ಎಂಗೆ ಸಿಗುತ್ತಿದ್ದ ಗಾಳಿ ಅದೊಂದೇ. ಅದರ ಮೇಲೆ ಹೊರೆ ಹೆಚ್ಚಿಸಿ, ಇದ್ದ ಗಾಳಿಯನ್ನೂ ತಪ್ಪಿಸಿದ್ದೆ. ಮೂರನೆಯ ರಾತ್ರಿ ಸುಟ್ಟ ವಾಸನೆಗೆ ಎಚ್ಚರವಾಯಿತು. ಮೂಲ ಫೈಲುಗಳು ಉಳಿದವು, ನಾಲ್ಕು ದಿನದ ಎಡಿಟಿಂಗ್ ಹೋಯಿತು. ಓವರ್‌ಕ್ಲಾಕ್‌ನಿಂದಾದ ಹಾನಿ ವಾರಂಟಿಗೆ ಬರುವುದಿಲ್ಲ, ಅಂಗಡಿಯವರು ಹೇಳಿದ್ದು ನ್ಯಾಯವೇ.

ಪುಣ್ಯಕ್ಕೆ ಪ್ರೊಸೆಸರ್ ಬದುಕಿತ್ತು. ಹೊಸ ಬೋರ್ಡಿನಲ್ಲಿ ಚಿಪ್ ಎಳೆಯುವ ವಿದ್ಯುತ್ತಿಗೆ ಮಿತಿ ಹಾಕುವ 45 ವ್ಯಾಟಿನ ಈಕೋ ಮೋಡ್ ಹಾಕಿದ್ದೇನೆ, ಅದರಲ್ಲಿ ವೋಲ್ಟೇಜೂ ಇಳಿಯುತ್ತದೆ. ರೆಂಡರ್ ಸ್ವಲ್ಪ ನಿಧಾನ, ಆದರೆ ಅಜ್ಜಿಗೆ ನಿದ್ದೆ ಬರುತ್ತದೆ. ವೇಗವೇ ಬೇಕೆನ್ನುವವರು ಮೊದಲು ವಿಆರ್‌ಎಂಗೆ ಹೀಟ್‌ಸಿಂಕ್ ಇರುವ ಬೋರ್ಡು, ನಿಧಾನ ತಿರುಗುವ 120 ಮಿಲಿಮೀಟರಿನ ಫ್ಯಾನಿರುವ ದೊಡ್ಡ ಕೂಲರ್ ತೆಗೆದುಕೊಳ್ಳಿ. ಅಡಿಕೆ ಸುಲಿಯುವ ಮನೆಯಾದರೆ ತಿಂಗಳಿಗೊಮ್ಮೆ ಧೂಳು ತೆಗೆಯಿರಿ. ಈಗಾಗಲೇ ಓವರ್‌ಕ್ಲಾಕ್ ಮಾಡಿದ್ದರೆ ಚಳಿಗಾಲದ ಪರೀಕ್ಷೆ ನಂಬಬೇಡಿ. ಏಪ್ರಿಲಿನ ಮಧ್ಯಾಹ್ನ 2 ಗಂಟೆಗೆ, ಕೇಸ್ ಮುಚ್ಚಿ, ಎದುರಿಗೇ ಕೂತು ಒಂದು ಗಂಟೆ ರೆಂಡರ್ ಓಡಿಸಿ ನೋಡಿ.