ಎ.ಸಿ.ಯೋ, ತೆರೆದ ಕಿಟಕಿಯೋ: ಕಾಸರಗೋಡಿನ ದಾರಿಗಳಲ್ಲಿ ಇಂಧನದ ಲೆಕ್ಕ

ಕಾರಿನ ಎ.ಸಿ.ಯ ಕಂಪ್ರೆಸರ್ ಸಾಮಾನ್ಯವಾಗಿ ಇಂಜಿನ್ನಿನ ಬೆಲ್ಟಿನಿಂದಲೇ ತಿರುಗುವುದರಿಂದ ತಂಪಿಗೆ ಪೆಟ್ರೋಲು ಸುಡಲೇಬೇಕು. ತೀವ್ರ ಸೆಕೆಯಲ್ಲಿ, ಅದರಲ್ಲೂ ಚಿಕ್ಕ ಓಡಾಟಗಳಲ್ಲಿ, ಮೈಲೇಜ್ ಶೇಕಡಾ 25ಕ್ಕಿಂತಲೂ ಹೆಚ್ಚು ಇಳಿಯಬಹುದು. ನಮ್ಮ ಕರಾವಳಿಯಲ್ಲಿ ಎ.ಸಿ. ಗಾಳಿಯನ್ನು ತಣಿಸುವುದಲ್ಲದೆ ಅದರಲ್ಲಿರುವ ತೇವವನ್ನೂ ನೀರಾಗಿಸಬೇಕಾದ್ದರಿಂದ ಹೊರೆ ಇನ್ನೂ ಹೆಚ್ಚು. ಕುಂಬಳೆ ಪೇಟೆಯಲ್ಲಿ ನಿಲ್ಲಿಸಿದ ಕಾರಿನಡಿ ತೊಟ್ಟಿಕ್ಕುವ ನೀರು ಆ ದುಡಿಮೆಯ ಗುರುತು.

ಕಿಟಕಿ ತೆರೆದರೆ ಕಂಪ್ರೆಸರಿನ ಹೊರೆಯಿಲ್ಲ, ಆದರೆ ಗಾಳಿಯ ತಡೆ ಹೆಚ್ಚುತ್ತದೆ. ಈ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಇದ್ದುದು 80ರಲ್ಲಿ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಚೆರ್ಕಳದಿಂದ ಮುಳ್ಳೇರಿಯಾದ ಕಡೆಗೆ ತಿರುವುಗಳಲ್ಲಿ ನಿಧಾನವಾಗಿ ಸಾಗುವವರಿಗೆ ತೆರೆದ ಕಿಟಕಿಯೇ ಲಾಭ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲಪಾಡಿಯಿಂದ ಕಾಞಂಗಾಡಿನವರೆಗೆ ವೇಗವಾಗಿ ಹೋಗುವವರು ಕಿಟಕಿ ಮುಚ್ಚಿ ಎ.ಸಿ. ಹಾಕುವುದೇ ಮೇಲೆಂದು ನನ್ನ ಅಭಿಪ್ರಾಯ. ಮಳೆಗಾಲದಲ್ಲಂತೂ ಗಾಜಿನ ಒಳಗೆ ಕಟ್ಟುವ ಮಂಜನ್ನು ತೆಗೆಯಲು ಎ.ಸಿ. ಬೇಕೇ ಬೇಕು, ಅಲ್ಲಿ ಉಳಿತಾಯದ ಮಾತು ಸಲ್ಲದು.

ಬಿಸಿಲಲ್ಲಿ ನಿಂತಿದ್ದ ಕಾರಾದರೆ, ಕಿಟಕಿಗಳನ್ನು ತೆರೆದು ಒಂದೆರಡು ನಿಮಿಷ ಓಡಿಸಿ ಬಿಸಿಗಾಳಿ ಹೊರಹೋದ ಮೇಲೆ ಎ.ಸಿ. ಹಾಕಿರಿ, ಆಮೇಲೆ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಣಿಸುವ ಗುಂಡಿಯನ್ನು ಒತ್ತಿರಿ.