ಲಿವರ್ ಕಿಣ್ವಗಳ ಪರೀಕ್ಷೆ: ವರದಿ ಸರಿ, ವಿವರಣೆ ಸಾಲದು

ಲಿವರ್ ಪರೀಕ್ಷೆಗೆಂದು ಒಂದೇ ಪ್ರಯೋಗಾಲಯಕ್ಕೆ ಎರಡು ವಾರಗಳ ಅಂತರದಲ್ಲಿ ಎರಡು ಸಲ ಹೋಗಿಬಂದ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ. ರಕ್ತ ತೆಗೆದವರ ಕೈ ಹಗುರವಾಗಿತ್ತು. ಕೊಳವೆಯ ಮೇಲಿನ ಚೀಟಿಯಲ್ಲಿ ಹೆಸರು, ವಯಸ್ಸು, ವೇಳೆಯನ್ನು ನನ್ನೆದುರೇ ಬರೆದು, ನನ್ನಿಂದಲೇ ಓದಿಸಿ ಖಚಿತಪಡಿಸಿಕೊಂಡರು. ಹೇಳಿದ ಹೊತ್ತಿಗೆ ವರದಿಯೂ ಬಂತು. ಇದರಲ್ಲಿ ನನಗೆ ಯಾವ ದೂರೂ ಇಲ್ಲ. ದೂರು ಇರುವುದು ವರದಿಯ ಜೊತೆಗೆ ಅವರು ಕೊಡುವ ‘ಸರಳ ವಿವರಣೆ’ ಎಂಬ ಪುಟದ ಮೇಲೆ.

ಮೊದಲ ವರದಿಯಲ್ಲಿ ಎಸ್‌ಜಿಒಟಿ 92, ಎಸ್‌ಜಿಪಿಟಿ 58 ಎಂದು ಎರಡು ಕಿಣ್ವಗಳ ಅಂಕಿಗಳಿದ್ದವು. ಎರಡಕ್ಕೂ ಮೇಲಿನ ಮಿತಿ 40 ಎಂದು ಅಚ್ಚಾಗಿದ್ದರಿಂದ ಎರಡೂ ಕೆಂಪಾಗಿದ್ದವು. ವಿವರಣೆಯ ಪುಟದಲ್ಲಿ ‘ನಿಮ್ಮ ಲಿವರ್‌ನ ಕಾರ್ಯಕ್ಷಮತೆ ಕುಗ್ಗಿದೆ’ ಎಂಬ ವಾಕ್ಯವಿತ್ತು. ಆ ವಾಕ್ಯ ತಪ್ಪು. ಈ ಕಿಣ್ವಗಳು ಇರಬೇಕಾದದ್ದು ಜೀವಕೋಶಗಳ ಒಳಗೆ. ಕೋಶಕ್ಕೆ ಪೆಟ್ಟಾದಾಗ ಅವು ರಕ್ತಕ್ಕೆ ಸೋರುತ್ತವೆ. ಅಂದರೆ ಅವು ಪೆಟ್ಟಿನ ಸುಳಿವು ಕೊಡುತ್ತವೆಯೇ ಹೊರತು ಲಿವರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದನ್ನಲ್ಲ. ಅದನ್ನು ತಿಳಿಯಲು ಲಿವರ್ ತಯಾರಿಸುವ ಪ್ರೋಟೀನಾದ ಆಲ್ಬುಮಿನ್, ಅದು ಹೊರಹಾಕುವ ಹಳದಿ ವರ್ಣದ್ರವ್ಯವಾದ ಬಿಲಿರುಬಿನ್ ಮತ್ತು ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ನೋಡಬೇಕು. ನನ್ನ ಆಲ್ಬುಮಿನ್ 4.4 ಎಂದು ಅದೇ ವರದಿಯ ಕೆಳಗಿನ ಸಾಲಿನಲ್ಲೇ ಇತ್ತು, ಬಿಲಿರುಬಿನ್ ಕೂಡ ಮಿತಿಯೊಳಗಿತ್ತು. ವಿವರಣೆ ಬರೆದವರು ಅವೆರಡನ್ನೂ ಗಮನಕ್ಕೆ ತೆಗೆದುಕೊಂಡಿರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ವೈದ್ಯರು ವರದಿ ಓದಿ ಕೇಳಿದ ಮೊದಲ ಪ್ರಶ್ನೆಯೇ ‘ಇತ್ತೀಚೆಗೆ ಮೈಗೆ ಹೆಚ್ಚು ಶ್ರಮ ಕೊಟ್ಟಿದ್ದೀರಾ?’ ಎಂಬುದು. ರಕ್ತ ಕೊಡುವ ಎರಡು ದಿನ ಮೊದಲು, ಬಹುಕಾಲದ ನಂತರ ಭಾರ ಎತ್ತುವ ವ್ಯಾಯಾಮ ಮಾಡಿ, ಮೆಟ್ಟಿಲು ಇಳಿಯಲಾಗದಷ್ಟು ತೊಡೆ ನೋವು ಮಾಡಿಕೊಂಡಿದ್ದೆ. ಎಸ್‌ಜಿಪಿಟಿ ಹೆಚ್ಚಾಗಿ ಲಿವರ್‌ನಲ್ಲೇ ಇರುತ್ತದೆ. ಎಸ್‌ಜಿಒಟಿ ಹಾಗಲ್ಲ, ಸ್ನಾಯು, ಹೃದಯ, ಕೆಂಪು ರಕ್ತಕಣಗಳಲ್ಲೂ ಸಾಕಷ್ಟಿರುತ್ತದೆ. ವೈದ್ಯರು ಸ್ನಾಯುವಿನ ಕಿಣ್ವವಾದ ಕ್ರಿಯಾಟಿನ್ ಕೈನೇಸ್ ಪರೀಕ್ಷೆ ಬರೆದುಕೊಟ್ಟರು. ಅದು ಮಿತಿಯ ಹಲವು ಪಟ್ಟು ಹೆಚ್ಚಿತ್ತು. ಪೆಟ್ಟು ನಿಂತ ಮೇಲೆ ಎಸ್‌ಜಿಒಟಿ ರಕ್ತದಲ್ಲಿ ಸುಮಾರು 17 ಗಂಟೆಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ, ಎಸ್‌ಜಿಪಿಟಿಗೆ ಸುಮಾರು 47 ಗಂಟೆ ಬೇಕು. ಎರಡು ವಾರ ವಿಶ್ರಾಂತಿ ಪಡೆದು ಮತ್ತೆ ರಕ್ತ ಕೊಟ್ಟಾಗ ಅವು 27 ಮತ್ತು 31ಕ್ಕೆ ಬಂದಿದ್ದವು. ಹಳೆಯ ಅಂಕಿಗಳನ್ನು ಹೊಸವುಗಳ ಪಕ್ಕದಲ್ಲೇ ಅಚ್ಚು ಹಾಕಿದ್ದು ಈ ಪ್ರಯೋಗಾಲಯದ ನಿಜವಾದ ಹೆಚ್ಚುಗಾರಿಕೆ, ಏಕೆಂದರೆ ಒಂದು ದಿನದ ಅಂಕಿಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಆದರೆ ಈ ಸಲದ ವಿವರಣೆ ನನ್ನನ್ನು ಇನ್ನೂ ಹೆಚ್ಚು ಕಳವಳಕ್ಕೀಡುಮಾಡಿತು. ಎಲ್ಲವೂ ಹಸಿರಾಗಿದ್ದುದರಿಂದ ‘ಲಿವರ್‌ಗೆ ಯಾವ ತೊಂದರೆಯೂ ಇಲ್ಲ’ ಎಂದು ಬರೆದಿದ್ದರು. ಸಿರೋಸಿಸ್, ಅಂದರೆ ಲಿವರ್ ಗಾಯದ ಕಲೆಗಟ್ಟಿ ಗಡುಸಾಗುವ ಕಾಯಿಲೆ, ಆದವರಲ್ಲೂ ಈ ಕಿಣ್ವಗಳು ಮಿತಿಯೊಳಗೇ ಇರಬಹುದು. ಅಂಥ ರೋಗಿಯೊಬ್ಬರು ಈ ಹಸಿರನ್ನು ನಂಬಿ ವೈದ್ಯರ ಬಳಿ ಹೋಗದೆ ಉಳಿದರೆ ಆಗುವ ಹಾನಿಯ ಮುಂದೆ ನನ್ನ ಒಂದು ರಾತ್ರಿಯ ನಿದ್ದೆಗೇಡು ಏನೂ ಅಲ್ಲ. ಗಂಡಸರಿಗೂ ಹೆಂಗಸರಿಗೂ ಒಂದೇ 40ರ ಮಿತಿ ಇಟ್ಟಿರುವುದೂ ಸರಿಯಲ್ಲ. ಅಮೆರಿಕದ ಜಠರ-ಕರುಳು ತಜ್ಞರ ಸಂಘಟನೆಯೊಂದು 2017ರ ಮಾರ್ಗಸೂಚಿಯಲ್ಲಿ ಎಸ್‌ಜಿಪಿಟಿಯ ಮೇಲಿನ ಮಿತಿಯನ್ನು ಗಂಡಸರಿಗೆ 29ರಿಂದ 33, ಹೆಂಗಸರಿಗೆ 19ರಿಂದ 25 ಎಂದು ಇಟ್ಟಿದೆ.

ಆಲ್ಕಲೈನ್ ಫಾಸ್ಫಟೇಸ್ ಮತ್ತು ಜಿಜಿಟಿ ಎಂಬ ಇನ್ನೆರಡು ಕಿಣ್ವಗಳನ್ನು ಜೊತೆಯಾಗಿ ಓದಬೇಕೆಂಬುದನ್ನೂ ಆ ಪುಟ ಹೇಳುವುದಿಲ್ಲ. ಮೊದಲನೆಯದೊಂದೇ ಏರಿದ್ದರೆ ಮೂಳೆಯೂ ಕಾರಣವಿರಬಹುದು, ಬೆಳೆಯುವ ಮಕ್ಕಳಲ್ಲಿ ಅದು ಸಹಜ. ಎರಡೂ ಏರಿದ್ದರೆ ಪಿತ್ತನಾಳದ ಕಡೆಗೆ ನೋಡಬೇಕಾಗುತ್ತದೆ.

ಪರೀಕ್ಷೆಗಾಗಿ ನಾನು ಮತ್ತೆ ಇಲ್ಲಿಗೇ ಹೋಗುತ್ತೇನೆ, ವಿವರಣೆಯ ಪುಟವನ್ನು ಮಾತ್ರ ಓದುವುದಿಲ್ಲ. ಐದರಲ್ಲಿ ಮೂರು ಅಂಕ. ರಕ್ತ ತೆಗೆಯುವ ಮೊದಲು ವ್ಯಾಯಾಮ, ಔಷಧಿ, ಮದ್ಯಪಾನದ ಬಗ್ಗೆ ಕೇಳಿ ವರದಿಯಲ್ಲಿ ನಮೂದಿಸಬೇಕೆಂದು ಮೊದಲ ವರದಿಯ ನಂತರ ಅವರಿಗೆ ಬರೆದಿದ್ದೆ. ಎರಡನೆಯ ಸಲ ಹೋದಾಗಲೂ ಅರ್ಜಿಯಲ್ಲಿ ಆ ಪ್ರಶ್ನೆಗಳಿರಲಿಲ್ಲ; ‘ಎರಡು ವಾರದಿಂದ ವ್ಯಾಯಾಮವಿಲ್ಲ, ಔಷಧಿ ಇಲ್ಲ’ ಎಂದು ಅಂಚಿನಲ್ಲಿ ನಾನೇ ಬರೆದುಕೊಟ್ಟೆ.