ರಿಗ್ರೆಶನ್ ಕೆಲಸಕ್ಕೆ ಲೈಟ್‌ಜಿಬಿಎಂ: ದೀರ್ಘ ಬಳಕೆಯ ನಂತರ ಒಂದು ವಿಮರ್ಶೆ

ಬೇಡಿಕೆ, ಬೆಲೆ, ಅವಧಿ ಮುಂತಾದ ಸಂಖ್ಯೆಗಳನ್ನು ಅಂದಾಜಿಸುವ ರಿಗ್ರೆಶನ್ ಕೆಲಸಗಳಿಗೆ ನಾನು ಹಲವು ವರ್ಷಗಳಿಂದ ಲೈಟ್‌ಜಿಬಿಎಂ ಬಳಸುತ್ತಿದ್ದೇನೆ. ಮೈಕ್ರೋಸಾಫ್ಟ್ 2016ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರತಂದ ಈ ಗ್ರೇಡಿಯೆಂಟ್ ಬೂಸ್ಟಿಂಗ್ ಲೈಬ್ರರಿ (ಹಿಂದಿನ ಮರಗಳ ದೋಷವನ್ನು ಮುಂದಿನದು ತಿದ್ದುವಂತೆ ನಿರ್ಧಾರದ ಮರಗಳನ್ನು ಒಂದರ ನಂತರ ಒಂದು ಕಟ್ಟುವ ತಂತ್ರಾಂಶ), ಸಾಲು ಮತ್ತು ಕಾಲಂಗಳಲ್ಲಿ ಜೋಡಿಸಿದ ದತ್ತಾಂಶಕ್ಕೆ ಇಂದಿಗೂ ನನ್ನ ಮೊದಲ ಆಯ್ಕೆಯಾಗಿದೆ. ಇದನ್ನು ಟ್ಯೂನ್ ಮಾಡಲು, ಅಂದರೆ ಕೆಲಸಕ್ಕೆ ತಕ್ಕಂತೆ ಹೊಂದಿಸಲು, ಕೂತವರು ಸಾಮಾನ್ಯವಾಗಿ ಪ್ಯಾರಾಮೀಟರ್‌ಗಳ (ಸೆಟ್ಟಿಂಗ್‌ಗಳ) ಉದ್ದನೆಯ ಪಟ್ಟಿಯಿಂದ ಆರಂಭಿಸುತ್ತಾರೆ. ಆದರೆ ದತ್ತಾಂಶವನ್ನು ತರಬೇತಿಗೂ ಪರೀಕ್ಷೆಗೂ ಹೇಗೆ ವಿಭಜಿಸುತ್ತೇವೆ, ಯಾವ ತಪ್ಪನ್ನು ಎಷ್ಟು ದೊಡ್ಡದೆಂದು ಎಣಿಸುತ್ತೇವೆ ಎಂಬ ಎರಡು ತೀರ್ಮಾನಗಳೇ ಫಲಿತಾಂಶವನ್ನು ಬಹುಪಾಲು ನಿರ್ಧರಿಸುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದಾದ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ಅಮೆರಿಕದ ವಾಷಿಂಗ್ಟನ್ ನಗರದ ಕ್ಯಾಪಿಟಲ್ ಬೈಕ್‌ಶೇರ್ ಸೇವೆಯ 2011 ಮತ್ತು 2012ನೇ ಸಾಲಿನ ಗಂಟೆವಾರು ಬಾಡಿಗೆ ಲೆಕ್ಕವು ಯುಸಿಐ (ಅರ್ವೈನ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ದತ್ತಾಂಶ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ 17,379 ಸಾಲುಗಳಿದ್ದು, ಗಂಟೆ, ವಾರದ ದಿನ, ರಜೆ, ತಾಪಮಾನ, ಆರ್ದ್ರತೆ, ಹವಾಮಾನದ ಸ್ಥಿತಿ ಇತ್ಯಾದಿಗಳ ಜೊತೆಗೆ ಆ ಗಂಟೆಯಲ್ಲಿ ಬಾಡಿಗೆಗೆ ಹೋದ ಸೈಕಲ್‌ಗಳ ಸಂಖ್ಯೆಯೂ ಇದೆ. ನೋಂದಾಯಿತ ಬಳಕೆದಾರರು ಮತ್ತು ಆಗೊಮ್ಮೆ ಈಗೊಮ್ಮೆ ಬರುವವರ ಸಂಖ್ಯೆಗಳಿಗೆ ಬೇರೆ ಎರಡು ಕಾಲಂಗಳಿವೆ. ಅವುಗಳ ಮೊತ್ತವೇ ನಾವು ಅಂದಾಜಿಸಬೇಕಾದ ಸಂಖ್ಯೆಯಾದ್ದರಿಂದ ಆ ಎರಡನ್ನೂ ಮೊದಲೇ ತೆಗೆದುಹಾಕಬೇಕು.

ಈ ಸಾಲುಗಳನ್ನು ಕಲಸಿ ಐದನೇ ಒಂದು ಭಾಗವನ್ನು ಪರೀಕ್ಷೆಗೆಂದು ತೆಗೆದಿಟ್ಟರೆ, ಒಂದೇ ದಿನದ ಬೆಳಗಿನ ಎಂಟು ಗಂಟೆಯ ಸಾಲು ತರಬೇತಿಗೂ ಒಂಬತ್ತು ಗಂಟೆಯದು ಪರೀಕ್ಷೆಗೂ ಹೋಗಬಹುದು. ವರ್ಷ, ತಿಂಗಳು, ವಾರದ ದಿನ ಮತ್ತು ತಾಪಮಾನ ಒಟ್ಟು ಸೇರಿದಾಗ ಅದು ಯಾವ ದಿನವೆಂಬುದು ಮಾಡೆಲ್‌ಗೆ ಹೆಚ್ಚುಕಡಿಮೆ ಗೊತ್ತಾಗಿಬಿಡುತ್ತದೆ. ಆಗ ಮರಗಳನ್ನು ದೊಡ್ಡದು ಮಾಡಿದಷ್ಟೂ ಫಲಿತಾಂಶ ಸುಧಾರಿಸುವಂತೆ ಕಾಣುತ್ತದೆ. ಮುಂದಿನ ತಿಂಗಳ ಬೇಡಿಕೆಯನ್ನು ಕೇಳಿದಾಗ ಆ ಸುಧಾರಣೆ ಉಳಿಯುವುದಿಲ್ಲ. ಆದ್ದರಿಂದ ನಾನು 2012ರ ಜೂನ್‌ವರೆಗಿನ ಸಾಲುಗಳಲ್ಲಿ ತರಬೇತಿ ಕೊಟ್ಟು, ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಪರಿಶೀಲಿಸಿ, ನಂತರ ಆ ಗಡಿಯನ್ನು ಮುಂದಕ್ಕೆ ಸರಿಸಿ ಮತ್ತೊಮ್ಮೆ ನೋಡುತ್ತೇನೆ. ಕೊನೆಯ ಎರಡು ತಿಂಗಳುಗಳನ್ನು ಎಲ್ಲ ಆಯ್ಕೆಗಳೂ ಮುಗಿಯುವವರೆಗೆ ಮುಟ್ಟುವುದಿಲ್ಲ. ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಸ್ಯಾಂಡಿ ಚಂಡಮಾರುತ ಬಂದ 2012ರ ಅಕ್ಟೋಬರ್ 29ರಂದು ಇಡೀ ದಿನಕ್ಕೆ ಬಾಡಿಗೆಗೆ ಹೋದ ಸೈಕಲ್‌ಗಳು 22 ಮಾತ್ರ. ಪರಿಶೀಲನೆಯ ಅವಧಿಯಲ್ಲಿ ಇಂಥ ದಿನಗಳಿದ್ದರೆ, ಎರಡು ಸೆಟ್ಟಿಂಗ್‌ಗಳ ನಡುವಿನ ವ್ಯತ್ಯಾಸವು ಆ ಒಂದೆರಡು ದಿನಗಳಿಂದಲೇ ಹುಟ್ಟಿದ್ದೇ ಎಂದು ಬೇರೆಯಾಗಿ ನೋಡಬೇಕು.

ಎರಡನೆಯ ತೀರ್ಮಾನ ಆಬ್ಜೆಕ್ಟಿವ್‌ನದು, ಅಂದರೆ ತರಬೇತಿಯಲ್ಲಿ ಮಾಡೆಲ್ ಕಡಿಮೆ ಮಾಡಲು ಯತ್ನಿಸುವ ದೋಷದ ಅಳತೆಯದು, ಮತ್ತು ಲೈಟ್‌ಜಿಬಿಎಂನ ನಿಜವಾದ ಸಿರಿವಂತಿಕೆ ಇರುವುದು ಇಲ್ಲಿಯೇ. ತಾನಾಗಿ ಬರುವ ಆಯ್ಕೆಯು ದೋಷದ ವರ್ಗವನ್ನು ಕಡಿಮೆ ಮಾಡುವಂಥದ್ದು. ಗಂಟೆಯ ಬಾಡಿಗೆ 1ರಿಂದ 977ರವರೆಗೆ ಹರಡಿರುವ ಈ ದತ್ತಾಂಶದಲ್ಲಿ ಅದು ಸಂಜೆಯ ದಟ್ಟಣೆಯ ಗಂಟೆಗಳಿಗೇ ಹೆಚ್ಚು ಗಮನ ಕೊಡುತ್ತದೆ. ನಸುಕಿನ ಗಂಟೆಗಳಿಗೆ ಕೆಲವೊಮ್ಮೆ ಸೊನ್ನೆಗಿಂತ ಕಡಿಮೆಯ ಉತ್ತರವನ್ನೂ ಕೊಡಬಲ್ಲದು. ಅನೇಕರು ಇದಕ್ಕೆ ಪರಿಹಾರವಾಗಿ ಸಂಖ್ಯೆಯ ಲಾಗ್ ತೆಗೆದು ತರಬೇತಿ ಕೊಡುತ್ತಾರೆ. ಆದರೆ ಲಾಗ್‌ನ ಸರಾಸರಿಯನ್ನು ಮರಳಿ ಪರಿವರ್ತಿಸಿದಾಗ ಸಿಗುವುದು ನಿಜವಾದ ಸರಾಸರಿಗಿಂತ ಕಡಿಮೆಯ ಸಂಖ್ಯೆ, ಹಾಗಾಗಿ ಒಟ್ಟು ಬೇಡಿಕೆಯ ಅಂದಾಜು ಕೆಳಗೆ ಬೀಳುತ್ತದೆ. ಎಣಿಕೆಯ ಸಂಖ್ಯೆಗಳಿಗೆ ಪಾಯ್ಸಾನ್ ಆಬ್ಜೆಕ್ಟಿವ್ ಇದಕ್ಕಿಂತ ಸೂಕ್ತ: ಉತ್ತರ ಯಾವಾಗಲೂ ಧನಾತ್ಮಕವಾಗಿರುತ್ತದೆ, ಅಂಶಗಳ ಪರಿಣಾಮ ಗುಣಾಕಾರವಾಗಿ ಸೇರುತ್ತದೆ, ಗುರಿ ಸರಾಸರಿಯೇ ಆಗಿರುತ್ತದೆ. ವಿಮೆಯ ಕ್ಲೈಮ್‌ಗಳಂತೆ ಸೊನ್ನೆಗಳೇ ತುಂಬಿದ ದತ್ತಾಂಶಕ್ಕೆ ಟ್ವೀಡಿ ಎಂಬ ಆಬ್ಜೆಕ್ಟಿವ್ ಇದೆ. ವಿಪರೀತ ಮೌಲ್ಯಗಳು ಕಾಡುವಲ್ಲಿ ಹ್ಯೂಬರ್ ಇದೆ.

ಇವೆರಡೂ ಸರಿಯಾದ ಮೇಲೆ ಉಳಿಯುವ ಪ್ಯಾರಾಮೀಟರ್‌ಗಳು ಕೆಲವೇ. ಲೈಟ್‌ಜಿಬಿಎಂ ಮರವನ್ನು ಹಂತಹಂತವಾಗಿ ಬೆಳೆಸದೆ, ಯಾವ ಎಲೆಯನ್ನು (ಕವಲಿನ ತುದಿಯಲ್ಲಿ ಒಟ್ಟು ಸೇರಿದ ಸಾಲುಗಳ ಗುಂಪನ್ನು) ಒಡೆದರೆ ದೋಷ ಅತಿ ಹೆಚ್ಚು ಇಳಿಯುತ್ತದೆಯೋ ಅದನ್ನೇ ಮೊದಲು ಒಡೆಯುತ್ತದೆ. ಆಳಕ್ಕೆ ಮಿತಿಯೂ ತಾನಾಗಿ ಇರುವುದಿಲ್ಲ. ಆದ್ದರಿಂದ ಮರದ ಗಾತ್ರವನ್ನು ಹಿಡಿದಿಡುವ ಮುಖ್ಯ ಹಿಡಿಕೆ ನಮ್ ಲೀವ್ಸ್ (num_leaves, ಎಲೆಗಳ ಗರಿಷ್ಠ ಸಂಖ್ಯೆ), ಅದರ ಆರಂಭಿಕ ಮೌಲ್ಯ 31. ನಾನು ಲರ್ನಿಂಗ್ ರೇಟನ್ನು (ಪ್ರತಿ ಹೊಸ ಮರ ಎಷ್ಟು ತಿದ್ದಬೇಕೆಂಬ ಪ್ರಮಾಣವನ್ನು) 0.1ರಿಂದ 0.05ಕ್ಕೆ ಇಳಿಸಿ, ಮರಗಳ ಸಂಖ್ಯೆಯನ್ನು ಆರಂಭಿಕ ನೂರರಲ್ಲಿ ಬಿಡದೆ ಸಾವಿರಗಳಿಗೆ ಏರಿಸಿ, ಎಲ್ಲಿ ನಿಲ್ಲಬೇಕೆಂಬುದನ್ನು ಅರ್ಲಿ ಸ್ಟಾಪಿಂಗ್‌ಗೆ (ಪರಿಶೀಲನೆಯ ದೋಷ ಇಳಿಯುವುದು ನಿಂತಾಗ ತರಬೇತಿಯನ್ನು ನಿಲ್ಲಿಸುವ ವ್ಯವಸ್ಥೆಗೆ) ಒಪ್ಪಿಸುತ್ತೇನೆ. ನಂತರ ಎಲೆಗಳನ್ನು 15ರಿಂದ 63ರವರೆಗೆ, ಪ್ರತಿ ಎಲೆಯಲ್ಲಿ ಇರಬೇಕಾದ ಕನಿಷ್ಠ ಸಾಲುಗಳನ್ನು 20ರಿಂದ ಮೇಲಕ್ಕೆ ಬದಲಿಸಿ ನೋಡುತ್ತೇನೆ. ಈ ಕನಿಷ್ಠ ಮಿತಿಯ ಅರ್ಥ ಸೈಕಲ್ ದತ್ತಾಂಶದಲ್ಲಿ ಚೆನ್ನಾಗಿ ಕಾಣುತ್ತದೆ: ಅತಿ ಕೆಟ್ಟ ಹವಾಮಾನದ ನಾಲ್ಕನೇ ದರ್ಜೆಗೆ ಸೇರಿದ ಗಂಟೆಗಳು ಮೂರೇ ಇರುವುದರಿಂದ, ಮಿತಿ 20 ಇದ್ದಾಗ ಅವು ಎಂದಿಗೂ ತಮ್ಮದೇ ಎಲೆಯಾಗಲಾರವು.

ಬ್ಯಾಗಿಂಗ್ ಫ್ರ್ಯಾಕ್ಷನ್ ಅನ್ನು (ಮರ ಕಟ್ಟಲು ಯಾದೃಚ್ಛಿಕವಾಗಿ ಆರಿಸುವ ಸಾಲುಗಳ ಪಾಲನ್ನು) 0.8 ಎಂದು ಬರೆದವರು ಬ್ಯಾಗಿಂಗ್ ಫ್ರೀಕ್ವೆನ್ಸಿಯನ್ನೂ (ಎಷ್ಟು ಮರಗಳಿಗೊಮ್ಮೆ ಹೊಸದಾಗಿ ಆರಿಸಬೇಕೆಂಬುದನ್ನು) ಒಂದಕ್ಕೆ ಅಥವಾ ಅದಕ್ಕಿಂತ ಹೆಚ್ಚಿಗೆ ಇಡಬೇಕು. ಫ್ರೀಕ್ವೆನ್ಸಿಯ ಆರಂಭಿಕ ಮೌಲ್ಯ ಸೊನ್ನೆಯಾಗಿರುವುದರಿಂದ, ಅದನ್ನು ಬದಲಿಸದಿದ್ದರೆ ಫ್ರ್ಯಾಕ್ಷನ್ ಯಾವ ಪರಿಣಾಮವನ್ನೂ ಬೀರುವುದಿಲ್ಲ. ದಾಖಲೆಯಲ್ಲಿ ಇದು ಸ್ಪಷ್ಟವಾಗಿದೆಯಾದರೂ ಹೊಸಬರ ಕಣ್ಣಿಗೆ ಬೀಳುವುದು ಕಡಿಮೆ. ಹಳೆಯ ಕೋಡ್ ಇರುವವರು 4.0 ಆವೃತ್ತಿಯಿಂದ ಅರ್ಲಿ ಸ್ಟಾಪಿಂಗ್ ಅನ್ನು ತರಬೇತಿಯ ಫಂಕ್ಷನ್‌ಗೆ ನೇರ ಆರ್ಗ್ಯುಮೆಂಟ್ ಆಗಿ ಕೊಡಲಾಗದು, ಕಾಲ್‌ಬ್ಯಾಕ್ (ತರಬೇತಿಯ ನಡುವೆ ಕರೆಯಲಾಗುವ ಫಂಕ್ಷನ್) ಅಥವಾ ಪ್ಯಾರಾಮೀಟರ್ ಮೂಲಕ ಕೊಡಬೇಕೆಂಬುದನ್ನು ಗಮನಿಸಬೇಕು. ಒಳ್ಳೆಯ ಸೆಟ್ಟಿಂಗ್‌ಗಳನ್ನು ತಾವಾಗಿ ಹುಡುಕುವ ಆಪ್ಟುನಾದಂತಹ ಸಾಧನಗಳು ಇದರೊಂದಿಗೆ ಚೆನ್ನಾಗಿ ಹೊಂದುತ್ತವೆ, ಆದರೆ ವಿಭಜನೆ ತಪ್ಪಾಗಿದ್ದರೆ ಅವು ಆ ತಪ್ಪನ್ನೇ ಹೆಚ್ಚು ಶ್ರದ್ಧೆಯಿಂದ ಕಲಿಸುತ್ತವೆ.

ಯಾವ ಟ್ಯೂನಿಂಗ್‌ನಿಂದಲೂ ನೀಗದ ಮಿತಿಯೊಂದಿದೆ. ಸಾಮಾನ್ಯ ಎಲೆಯು ತರಬೇತಿಯಲ್ಲಿ ಕಂಡ ಸಾಲುಗಳಿಂದ ಪಡೆದ ಒಂದು ಸ್ಥಿರ ಸಂಖ್ಯೆಯನ್ನಷ್ಟೇ ಕೊಡುತ್ತದೆ, ಏರುತ್ತಿರುವ ಪ್ರವೃತ್ತಿಯನ್ನು ಮುಂದಕ್ಕೆ ಎಳೆಯಲಾರದು. 2011ರಲ್ಲಿ 12.43 ಲಕ್ಷವಿದ್ದ ಬಾಡಿಗೆಗಳು 2012ರಲ್ಲಿ 20.50 ಲಕ್ಷಕ್ಕೇರಿದವು, ಮೊದಲ ವರ್ಷವನ್ನಷ್ಟೇ ಕಲಿತ ಮಾಡೆಲ್ ಎರಡನೆಯ ವರ್ಷವನ್ನು ಉದ್ದಕ್ಕೂ ಕಡಿಮೆ ಅಂದಾಜಿಸುತ್ತದೆ. ಇದಕ್ಕೆ ನಾನು ಹಿಂದಿನ ಕೆಲವು ವಾರಗಳ ಸರಾಸರಿ ಬಾಡಿಗೆಯನ್ನು ಲೆಕ್ಕಹಾಕಿ, ಆ ಸರಾಸರಿಗೆ ಈ ಗಂಟೆಯ ಅನುಪಾತವೆಷ್ಟು ಎಂಬುದನ್ನು ಕಲಿಸಿ, ಉತ್ತರವನ್ನು ಮತ್ತೆ ಗುಣಿಸಿಕೊಳ್ಳುತ್ತೇನೆ.

ಒಂದೇ ಸಂಖ್ಯೆಯ ಬದಲು ಕನಿಷ್ಠ ಮತ್ತು ಗರಿಷ್ಠ ಅಂದಾಜು ಬೇಕಾದವರಿಗೆ ಕ್ವಾಂಟೈಲ್ ಆಬ್ಜೆಕ್ಟಿವ್ (ನಿಜವಾದ ಸಂಖ್ಯೆಗಳ ಇಂತಿಷ್ಟು ಪಾಲು ಯಾವ ಮಟ್ಟದ ಕೆಳಗೆ ಬೀಳುತ್ತದೆಯೋ ಅದನ್ನು ಅಂದಾಜಿಸುವಂಥದ್ದು) ಉಪಯುಕ್ತ. ಪ್ರತಿ ಕ್ವಾಂಟೈಲ್‌ಗೂ ಬೇರೆ ಮಾಡೆಲ್ ಕಟ್ಟಬೇಕಾಗಿರುವುದರಿಂದ ಕೆಲವು ಸಾಲುಗಳಲ್ಲಿ ಕೆಳಗಿನ ಅಂದಾಜು ಮೇಲಿನದನ್ನು ದಾಟಿಬಿಡಬಹುದು. ಆದಕಾರಣ 0.1 ಮತ್ತು 0.9ರ ಎರಡೂ ಮಾಡೆಲ್‌ಗಳನ್ನು ಪ್ರತ್ಯೇಕವಾಗಿ ಟ್ಯೂನ್ ಮಾಡಿ, ಮುಟ್ಟದೆ ಉಳಿಸಿಕೊಂಡ ತಿಂಗಳುಗಳಲ್ಲಿ ನಿಜವಾದ ಸಂಖ್ಯೆಗಳ ಸುಮಾರು ಶೇ. 80ರಷ್ಟು ಅವುಗಳ ನಡುವೆ ಬೀಳುತ್ತವೆಯೇ ಎಂದು ಎಣಿಸಿ ನೋಡಿದ ಮೇಲೆಯೇ ಆ ಅಂದಾಜನ್ನು ಇನ್ನೊಬ್ಬರ ಕೈಗೆ ಕೊಡುತ್ತೇನೆ.